ಕೊನೆಯ ದೃಶ್ಯದ ಬೆಳಕು

"ಯಾರದು ಆ ಕೆಂಪು ದೀಪ? ಮೊದ್ಲು ಆರಿಸಿ ಅದನ್ನ!"

ಮೇಲಿನಿಂದ ಬಂದ ಆ ಗಡಸು ದನಿಗೆ ತಾಲೀಮು ನಿಂತೇಹೋಯಿತು.

ರಂಗಮಂದಿರದ ತುಂಬ ಕತ್ತಲು. ವೇದಿಕೆಯ ನಡುವೆ ಮುದುಕಿಯ ಪಾತ್ರ ಮಾಡುತ್ತಿದ್ದ ಹಿರಿಯ ನಟಿ. ಅವರ ಮುಖದ ಮೇಲೆ ಎಲ್ಲಿಂದಲೋ ಬಂದು ಕೂತ ಕೆಂಪು ಬೆಳಕು!

ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟಿಗೆ ಜೀವ ಬಾಯಿಗೆ ಬಂದಂತಾಯಿತು. ಕತ್ತಲಲ್ಲಿ ಚಿತ್ರ ಮಸುಕಾಗದಂತೆ ಗುರಿ ಹಿಡಿಯಲು ಅವಳ ಕ್ಯಾಮೆರಾ ತಾನಾಗಿಯೇ ಹೊತ್ತಿಸಿಕೊಳ್ಳುವ ದೀಪ ಅದು. ಮೊದಲೇ ಆರಿಸಿಡಬೇಕಿತ್ತು. ಮರೆತಿದ್ದಳು.

'ಅಯ್ಯೋ... ಮೊದಲ ದಿನವೇ ಹೀಗಾ?'

ಗಡಿಬಿಡಿಯಲ್ಲಿ ಯಾವ್ಯಾವುದೋ ಗುಂಡಿ ಒತ್ತಿದಳು. ದೀಪ ಆರುವ ಬದಲು ಕ್ಯಾಮೆರಾದ ಹಿಂಬದಿಯ ಪರದೆ ಝಗ್ಗನೆ ಬೆಳಗಿ ಅವಳ ಪೆಚ್ಚು ಮುಖವನ್ನು ಎಲ್ಲರಿಗೂ ತೋರಿಸಿತು. ಯಾರೋ ಕಿಸಕ್ಕನೆ ನಕ್ಕರು.

ಮೇಲಿನ ಕೋಣೆಯಿಂದ ದಡದಡನೆ ಮೆಟ್ಟಿಲಿಳಿದು ಬಂದವನು ಎತ್ತರದ ಆಳು. ಕಪ್ಪು ಅಂಗಿ, ಮೊಣಕೈವರೆಗೆ ಮಡಿಚಿದ ತೋಳು, ಸೊಂಟಕ್ಕೆ ಸಿಕ್ಕಿಸಿದ ಸ್ಪ್ಯಾನರ್. ಈ ನಾಟಕ ತಂಡದ ದೀಪಗಳೆಲ್ಲ ಅವನ ಬೆರಳ ತುದಿಯಲ್ಲಿ. ಅದಕ್ಕೇ ತಂಡದವರೆಲ್ಲ ಅವನನ್ನು ಸ್ವಿಚ್ಚಣ್ಣ ಎನ್ನುತ್ತಿದ್ದರು.

ಅವನು ಅವಳ ಕೈಯಲ್ಲಿದ್ದುದನ್ನು ನೋಡಿದ. ಮತ್ತೊಮ್ಮೆ ಬಗ್ಗಿ ನೋಡಿದ.

"ಇದೇನಾ ಕ್ಯಾಮೆರಾ?"

"ಹೌದು. ಇದೇ."

"ದೊಡ್ಡದು ಸಿಗ್ಲಿಲ್ವಾ?"

ಈ ಸಲ ನಗು ಜೋರಾಗಿಯೇ ಬಂತು. ಪುಟ್ಟಿಯ ಕಿವಿ ಬಿಸಿಯಾಯಿತು. ಆದರೂ ಕಣ್ಣು ತಗ್ಗಿಸಲಿಲ್ಲ. ಕೊನೆಗೂ ಸರಿಯಾದ ಗುಂಡಿ ಸಿಕ್ಕಿತು. ಕೆಂಪು ದೀಪ ಆರಿತು.

"ಸಿಕ್ಕಿತ್ತು. ನನಗೆ ಬೇಡ ಅಂತ ಬಿಟ್ಟೆ," ಎಂದಳು. "ದೀಪ ನನ್ನ ತಪ್ಪು, ಕ್ಷಮಿಸಿ. ಆದರೆ ಕ್ಯಾಮೆರಾ ಬಗ್ಗೆ ಚಿತ್ರ ನೋಡಿದ ಮೇಲೆ ಮಾತಾಡಿ."

ಅವನು ಸ್ಪ್ಯಾನರನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡ. ಬಂದಷ್ಟೇ ವೇಗವಾಗಿ ಮೆಟ್ಟಿಲು ಹತ್ತಿ ಹೋದ.

ಹೊರಗೆ ಅಷ್ಟು ಗಟ್ಟಿಯಾಗಿ ಮಾತಾಡಿದ ಹುಡುಗಿಯ ಎದೆ ಒಳಗೆ ಹೇಗೆ ಹೊಡೆದುಕೊಳ್ಳುತ್ತಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು!

ಪುಟ್ಟಿ ಎಂಬುದು ಅಣ್ಣ ಕರೆಯುತ್ತಿದ್ದ ಹೆಸರು. ಅಣ್ಣನದು ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಕಂಪನಿಯ ಸಮಾರಂಭ... ಎಲ್ಲಿ ಹೋದರೂ ಅಣ್ಣ ಒಂದು ಕಡೆ, ತಂಗಿ ಒಂದು ಕಡೆ. ಇಟ್ಟಿಗೆಯಂಥ ಕ್ಯಾಮೆರಾ, ಅದಕ್ಕೆ ಮೊಣಕೈಯುದ್ದದ ಲೆನ್ಸು. ದಿನವಿಡೀ ಹೊತ್ತರೂ ಅವಳಿಗೆ ದಣಿವೇ ಇರಲಿಲ್ಲ.

ಒಂದು ಸಂಜೆ ಸ್ಕೂಟರ್ ಜಾರಿತು. ಬಿದ್ದವಳು ಕ್ಯಾಮೆರಾ ಉಳಿಸಲು ಹೋಗಿ ಬಲಗೈ ಮಣಿಕಟ್ಟನ್ನು ಮುರಿದುಕೊಂಡಳು. ಮೂಳೆ ಕೂಡಿತು, ಬಲ ಕೂಡಲಿಲ್ಲ. "ಬರೀಬಹುದು, ಚಮಚ ಹಿಡೀಬಹುದು. ಭಾರ ಮಾತ್ರ ಎತ್ತೋ ಹಾಗಿಲ್ಲ," ಎಂದರು ಡಾಕ್ಟರು.

ಅಣ್ಣ ಅವಳನ್ನು ಸ್ಟುಡಿಯೊದ ಕೌಂಟರಿನಲ್ಲಿ ಕೂರಿಸಿದ. ಪ್ರೀತಿಯಿಂದಲೇ ಕೂರಿಸಿದ. "ಪಾಸ್‌ಪೋರ್ಟ್ ಫೋಟೊ ತೆಗಿ, ಫ್ಯಾನ್ ಕೆಳಗೆ ಆರಾಮಾಗಿರು."

ಗಲ್ಲ ಎತ್ತಿ, ಕಿವಿ ಕಾಣಿಸಲಿ, ನಗಬೇಡಿ... ದಿನವಿಡೀ ಇದೇ ಮಾತು. ಕೊನೆಕೊನೆಗೆ ಅವಳೇ ನಗುವುದನ್ನು ಮರೆತಳು.

ಆಮೇಲೆ ಒಂದು ದಿನ ಯಾರಿಗೂ ಹೇಳದೆ ಹೋಗಿ ಈ ಪುಟ್ಟ ಕ್ಯಾಮೆರಾ ತಂದಳು. ಅಂಗೈ ಮೇಲೆ ಕೂರುವಷ್ಟೇ ಗಾತ್ರ. ಲೆನ್ಸು ಮಾತ್ರ ದೊಡ್ಡದರಂತೆಯೇ ಬಿಚ್ಚಿ ಬದಲಾಯಿಸಬಹುದು. ಎರಡು ಲೆನ್ಸು ಇಟ್ಟುಕೊಂಡಿದ್ದಳು. ಒಂದು ಕ್ಯಾಮೆರಾದ ಜೊತೆಗೇ ಬಂದದ್ದು, ಉದ್ದ ಗಿಡ್ಡ ಆಗುವಂಥದ್ದು. ಇನ್ನೊಂದು ಯಾರೋ ಬಳಸಿ ಮಾರಿದ ಗಿಡ್ಡ ಲೆನ್ಸು. ಅದು ಹಿಂದೆ ಮುಂದೆ ಆಗುತ್ತಿರಲಿಲ್ಲ, ಹತ್ತಿರ ಬೇಕೆಂದರೆ ತಾನೇ ಹತ್ತಿರ ಹೋಗಬೇಕು. ಆದರೆ ಮಂದ ಬೆಳಕಿನಲ್ಲೂ ಕಣ್ಣು ತೆರೆದು ನೋಡುತ್ತಿತ್ತು.

ಅಣ್ಣ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಕ್ಯಾಮೆರಾನೋ, ಸೋಪಿನ ಡಬ್ಬೀನೋ?" ಎಂದಿದ್ದ.

ಅತ್ತಿಗೆ ಅಡುಗೆಮನೆಯಿಂದಲೇ ಉತ್ತರ ಕೊಟ್ಟಿದ್ದಳು. "ನಿಮ್ಮ ದೊಡ್ಡ ಕ್ಯಾಮೆರಾದಲ್ಲಿ ನನ್ನ ಮುಖ ನೆಟ್ಟಗೆ ಬಂದಿದ್ದು ಯಾವಾಗ? ಅವಳ ಸೋಪಿನ ಡಬ್ಬೀನೇ ವಾಸಿ!"

ನಾಟಕ ತಂಡವೊಂದು ತನ್ನ ಜೊತೆ ವರ್ಷವಿಡೀ ಊರೂರು ಸುತ್ತಲು ಫೋಟೊಗ್ರಾಫರ್ ಹುಡುಕುತ್ತಿದೆ ಎಂದು ತಿಳಿದಾಗ ಪುಟ್ಟಿ ನೇರ ಹೋಗಿ ನಿರ್ದೇಶಕಿಯ ಎದುರು ನಿಂತಳು. ಕತ್ತರಿಸಿದ ಬಿಳಿ ಕೂದಲು, ಕಿವಿಯ ಹಿಂದೆ ಪೆನ್ಸಿಲ್, ಮಾತು ಅಳೆದು ತೂಗಿ ಆಡುವ ಹೆಂಗಸು ಆಕೆ.

"ತಾಲೀಮಿಗೆ ಬಾ. ಮುಗಿಯೋದ್ರೊಳಗೆ ಕೊನೇ ದೃಶ್ಯದ್ದು ಒಂದು ಚಿತ್ರ ಕೊಡು. ಅದೇ ನಮ್ಮ ಪೋಸ್ಟರ್. ಚಿತ್ರ ಸಿಕ್ಕಿದ್ರೆ ಕೆಲಸ ನಿಂದು."

ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ. ಮುದುಕಿಯೊಬ್ಬಳು ತೀರಿಹೋದ ಮಗಳ ಚಿಕ್ಕಂದಿನ ಫ್ರಾಕುಗಳನ್ನು ಒಂದೊಂದಾಗಿ ಮಡಿಸಿಡುತ್ತಾಳೆ. ಪಕ್ಕದಲ್ಲಿ ಒಂದೇ ಒಂದು ಹಳೆಯ ಬಲ್ಬು. ಆ ಬೆಳಕು ಅವಳ ಕೈ ಮತ್ತು ಅರ್ಧ ಕೆನ್ನೆಯನ್ನು ಮಾತ್ರ ಮುಟ್ಟುತ್ತದೆ, ನಿಧಾನಕ್ಕೆ ಕುಗ್ಗುತ್ತಾ ಹೋಗುತ್ತದೆ.

ಹಿಂದೆ ಬಂದ ಫೋಟೊಗ್ರಾಫರುಗಳು ಆ ದೃಶ್ಯಕ್ಕೆ ಸೋತು ಹೋಗಿದ್ದರು. ದೊಡ್ಡ ಕ್ಯಾಮೆರಾಗಳ ಕಟ್ ಕಟ್ ಸದ್ದು ಆ ಮೌನವನ್ನು ಕೆಡಿಸುತ್ತಿತ್ತು. ಪುಟ್ಟಿಯ ಕ್ಯಾಮೆರಾ ಸದ್ದೇ ಇಲ್ಲದೆ ಚಿತ್ರ ತೆಗೆಯಬಲ್ಲದು. ಅವಳ ಧೈರ್ಯವೆಲ್ಲ ಅದೇ.

ಆದರೆ ಎರಡನೆಯ ದಿನವೇ ಇನ್ನೊಂದು ತೊಡಕು ಬಂತು. ಮೊದಲ ದೃಶ್ಯದ ಚಿತ್ರಗಳ ಮೇಲೆಲ್ಲ ಅಡ್ಡಡ್ಡ ಪಟ್ಟಿ! ನಟರಿಗೆಲ್ಲ ಹುಲಿಯ ವೇಷ ಹಾಕಿದಂತೆ.

ಬಿಡುವಿನಲ್ಲಿ ವೇದಿಕೆಯ ಅಂಚಿನಲ್ಲಿ ಕೂತು ಅವಳು ಲೆನ್ಸು ಬಿಚ್ಚಿದಳು, ಊದಿದಳು, ಬಟ್ಟೆಯಿಂದ ಒರೆಸಿದಳು. ಕ್ಯಾಮೆರಾ ಕೆಟ್ಟಿತೇನೋ ಎಂದು ತಿರುಗಿಸಿ ತಿರುಗಿಸಿ ನೋಡಿದಳು.

"ಅದು ಕೆಟ್ಟಿಲ್ಲ." ಸ್ವಿಚ್ಚಣ್ಣ ಹಿಂದೆ ನಿಂತಿದ್ದ. "ನನ್ನ ಹೊಸ ದೀಪಗಳ ಕೆಲಸ ಅದು. ನಮ್ಮ ಕಣ್ಣಿಗೆ ಕಾಣಲ್ಲ, ಆದ್ರೆ ಅವು ಬಹಳ ವೇಗವಾಗಿ ಮಿಟುಕಿಸ್ತಾ ಇರ್ತವೆ."

"ಅಂದ್ರೆ ನಿಮ್ಮ ದೀಪಗಳು ನನ್ನ ಕ್ಯಾಮೆರಾಗೆ ಕಣ್ಣು ಹೊಡೀತಿವೆ!"

ಅವಳ ಬಾಯಿ ಜಾರಿತ್ತು. ಅವನ ಮುಖ ಕೆಂಪಾಯಿತು.

"ಛೇ ಛೇ... ನನ್ನ ದೀಪಗಳು ಅಂಥವಲ್ಲ."

ಇಬ್ಬರೂ ಒಟ್ಟಿಗೆ ನಕ್ಕರು.

ಅವತ್ತು ಊಟದ ಬಿಡುವು ಪೂರ್ತಿ ಅದರಲ್ಲೇ ಕಳೆಯಿತು. ಅವನು ಮೇಲೆ ಹೋಗಿ ಒಂದೊಂದೇ ದೀಪ ಹಚ್ಚುವುದು, ಅವಳು ಕೆಳಗೆ ಚಿತ್ರದ ವೇಗವನ್ನು ಒಂದೊಂದೇ ಹೆಜ್ಜೆ ತಗ್ಗಿಸುವುದು.

"ಈಗ?"

"ಇನ್ನೂ ಹುಲಿ!"

"ಈಗ?"

"ಬೆಕ್ಕಿನಷ್ಟಾಗಿದೆ!"

"ಈಗ ಹೇಳಿ!"

"ಮನುಷ್ಯರಾದ್ರು!" ಎಂದು ಅವಳು ಕೂಗಿದಾಗ ಖಾಲಿ ರಂಗಮಂದಿರ ಅದನ್ನೇ ಮರಳಿ ಕೂಗಿತು.

ಆಮೇಲಿನ ದಿನಗಳು ಹೇಗೆ ಜಾರಿದವೋ! ಬಿಸ್ಕತ್ತಿನಷ್ಟೇ ಇದ್ದ ಅವಳ ಬ್ಯಾಟರಿಗಳು ಬೇಗ ಖಾಲಿಯಾಗುತ್ತಿದ್ದವು. ಅವನ ಕೋಣೆಯ ಮೂಲೆಯಲ್ಲಿ ಅವಕ್ಕೊಂದು ಪ್ಲಗ್ ಮೀಸಲಾಯಿತು. ಬ್ಯಾಟರಿ ತರಲೆಂದು ಮೇಲೆ ಹೋದವಳು ಬ್ಯಾಟರಿ ಮರೆತು ಕೆಳಗೆ ಬರುತ್ತಿದ್ದಳು. ಮತ್ತೆ ಹೋಗಬೇಕಲ್ಲ!

ಅವನದು ಮಾತು ಕಡಿಮೆ, ಗಮನ ಜಾಸ್ತಿ. ಅವಳು ಬಲಗೈಗೆ ಎಡಗೈಯ ಆಸರೆ ಕೊಡುವುದನ್ನು, ಸಂಜೆಯಾದಂತೆ ಮಣಿಕಟ್ಟನ್ನು ಮೆಲ್ಲಗೆ ಒತ್ತಿಕೊಳ್ಳುವುದನ್ನು ನೋಡಿದ್ದ. ಒಂದು ದಿನ ಅವಳೇ ಸ್ಕೂಟರಿನ ಕಥೆ ಹೇಳಿದಳು. ಅವನು "ಪಾಪ" ಎನ್ನಲಿಲ್ಲ. "ಆ ಕ್ಯಾಮೆರಾ ಉಳೀತಾ?" ಎಂದಷ್ಟೇ ಕೇಳಿದ.

'ಇವನಿಗೆ ಅರ್ಥವಾಗುತ್ತದೆ...' ಅವಳ ಮನಸ್ಸು ಅಲ್ಲೇ ನಿಂತಿತು.

ಮನೆಯಲ್ಲಿ ಅತ್ತಿಗೆ ಬಟ್ಟೆ ಇಸ್ತ್ರಿ ಮಾಡುತ್ತಾ ಕೇಳಿದಳು. "ಏನೇ, ಅವರನ್ನ ಎಲ್ಲಾರೂ ಸ್ವಿಚ್ಚಣ್ಣ ಅಂತಾರಂತೆ. ನೀನು ಮಾತ್ರ ಬರೀ 'ಅವರು' ಅಂತೀಯ. ಹೆಸರಿನ ಕೊನೇಲಿದ್ದ 'ಅಣ್ಣ' ಎಲ್ಲಿ ಹೋದ?"

"ಅತ್ತಿಗೇ!"

"ಸರಿ ಸರಿ, ನನಗೇನೂ ಗೊತ್ತಿಲ್ಲಪ್ಪ!"

ಚಿತ್ರಕ್ಕೆಂದೇ ನಿಗದಿಯಾಗಿದ್ದ ತಾಲೀಮಿನ ದಿನ ಪುಟ್ಟಿ ಕೊನೆಯ ದೃಶ್ಯವನ್ನು ತೆಗೆದಳು. ಎಲ್ಲರೂ ಅವಳ ಪುಟ್ಟ ಪರದೆಯ ಸುತ್ತ ಮುತ್ತಿಕೊಂಡರು.

ಹಿರಿಯ ನಟಿ ತಮ್ಮದೇ ಮುಖವನ್ನು ಬಗ್ಗಿ ಬಗ್ಗಿ ನೋಡಿದರು. ನಿರ್ದೇಶಕಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮತ್ತೆ ಸಿಕ್ಕಿಸಿಕೊಂಡರು. "ಚೆನ್ನಾಗಿದೆ. ಇದನ್ನೇ ಪೋಸ್ಟರಿಗೆ ಕಳಿಸೋಣ."

ಅಣ್ಣನೂ ಆ ಸಂಜೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಸೋಪಿನ ಡಬ್ಬಿ ಮಾನ ಉಳಿಸ್ತಲ್ಲೇ!"

ಪುಟ್ಟಿಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಆದರೆ ಮರುದಿನ ಬೆಳಗ್ಗೆ ಚಿತ್ರವನ್ನು ಕಂಪ್ಯೂಟರಿನಲ್ಲಿ ತಿದ್ದಲು ಕೂತಾಗ ಏನೋ ಚುಚ್ಚಿತು. ಪ್ರತಿ ಚಿತ್ರದ ಜೊತೆಗೂ ಅದನ್ನು ಯಾವ ವೇಗದಲ್ಲಿ, ಲೆನ್ಸನ್ನು ಎಷ್ಟು ತೆರೆದು ತೆಗೆದದ್ದೆಂದು ಕ್ಯಾಮೆರಾ ಬರೆದಿಟ್ಟುಕೊಳ್ಳುತ್ತದೆ. ಹಿಂದಿನ ವಾರ ಇದೇ ದೃಶ್ಯವನ್ನು ಇದೇ ಅಳತೆಯಲ್ಲಿ ತೆಗೆದಾಗ ಮುದುಕಿಯ ಕೆನ್ನೆ ಕಪ್ಪಾಗಿ ಮುಳುಗಿಹೋಗಿತ್ತು. ಈಗ ಅದೇ ಅಳತೆಯಲ್ಲಿ ಕೆನ್ನೆಯ ಗೆರೆಗೆರೆಯೂ ಕಾಣುತ್ತಿದೆ.

ಕ್ಯಾಮೆರಾ ಬದಲಾಗಿಲ್ಲ. ಲೆನ್ಸು ಬದಲಾಗಿಲ್ಲ. ಅಂದರೆ...

ಬೆಳಕು ಬದಲಾಗಿದೆ!

ಅವಳು ನೇರ ಮೇಲಿನ ಕೋಣೆಗೆ ಹೋದಳು. ಅವನು ತಂತಿ ಸುತ್ತುತ್ತಿದ್ದ.

"ನಿನ್ನೆ ಕೊನೇ ದೃಶ್ಯಕ್ಕೆ ಬೆಳಕು ಜಾಸ್ತಿ ಮಾಡಿದ್ರಾ?"

ಅವನ ಕೈ ನಿಂತಿತು. "...ಸ್ವಲ್ಪ."

"ಯಾಕೆ?"

"ನಿಮಗೆ ಅನುಕೂಲ ಆಗ್ಲಿ ಅಂತ."

"ನಾನು ಕೇಳಿದ್ನಾ?"

"ಇಲ್ಲ. ಆದ್ರೆ ಕ್ಯಾಮೆರಾ ಸಣ್ಣದು... ನಿಮ್ಮ ಕೈ ಬೇರೆ..."

ಆ ಮಾತು ಮುಗಿಯಲು ಅವಳು ಬಿಡಲಿಲ್ಲ. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ.

"ಕೈ ಮುರಿದಿದ್ದು ನಂದು. ಅದನ್ನ ನಾನು ಹೊತ್ಕೊಂಡು ತಿರುಗ್ತಿದೀನಿ. ಅದರ ಜೊತೆ ನಿಮ್ಮ ಮರುಕಾನೂ ಹೊರಬೇಕಾ?"

"ಮರುಕ ಅಲ್ಲ... ನನ್ನ ಮಾತು ಕೇಳಿ..."

ಅವಳು ಕೇಳಲಿಲ್ಲ. ಮೆಟ್ಟಿಲಿಳಿದು ಬಿಟ್ಟಳು.

'ಅಣ್ಣ ಫ್ಯಾನ್ ಕೆಳಗೆ ಕೂರಿಸಿದ. ಇವನು ದೀಪ ಹೆಚ್ಚು ಮಾಡಿದ. ಇಬ್ಬರ ಕಣ್ಣಲ್ಲೂ ನಾನು ಕೈಲಾಗದವಳೇ!'

ಬಾತ್‌ರೂಮಿನಲ್ಲಿ ಮುಖ ತೊಳೆದುಕೊಂಡಳು. ಆಮೇಲೆ ನಿರ್ದೇಶಕಿಯ ಬಳಿ ಹೋದಳು.

"ಮೇಡಂ, ಆ ಚಿತ್ರ ಪೋಸ್ಟರಿಗೆ ಬೇಡ. ಅದರಲ್ಲಿರೋ ಬೆಳಕು ನಾಟಕದ್ದಲ್ಲ. ಜನ ಪೋಸ್ಟರ್ ನೋಡಿ ಬಂದು, ಒಳಗೆ ಬೇರೇನೋ ನೋಡಬಾರದು."

ಅವನ ಹೆಸರನ್ನು ಅವಳು ಎತ್ತಲೇ ಇಲ್ಲ. ಆದರೆ ಎತ್ತಬೇಕಾದ ಅಗತ್ಯವೂ ಇರಲಿಲ್ಲ. ದೀಪ ಮುಟ್ಟುವವನು ಆ ರಂಗಮಂದಿರದಲ್ಲಿ ಒಬ್ಬನೇ.

ನಿರ್ದೇಶಕಿ ಅವನನ್ನು ಎಲ್ಲರೆದುರೇ ಕರೆದರು. "ನನ್ನ ಕೇಳದೆ ದೃಶ್ಯದ ಬೆಳಕು ಮುಟ್ಟಿದ್ದೀಯ. ಇನ್ನೊಂದು ಸಲ ಹೀಗಾದ್ರೆ ಆ ಕೋಣೇಲಿ ಬೇರೆಯವರು ಕೂತಿರ್ತಾರೆ."

"ಸರಿ ಮೇಡಂ," ಎಂದಷ್ಟೇ ಹೇಳಿ ಅವನು ಪುಟ್ಟಿಯ ಕಡೆ ನೋಡಿದ. ಒಂದೇ ಕ್ಷಣ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೇ ಚೆನ್ನಾಗಿತ್ತು!

'ದೂರು ಕೊಟ್ಟೆ ಅಂದುಕೊಂಡನಾ? ಅಂದುಕೊಳ್ಳಲಿ ಬಿಡು...' ಎಂದು ಮುಖ ತಿರುಗಿಸಿದಳು. ಎದೆ ಮಾತ್ರ ತಿರುಗಲಿಲ್ಲ.

ನಿರ್ದೇಶಕಿ ಅವಳಿಗೂ ಖಡಾಖಂಡಿತವಾಗಿ ಹೇಳಿದರು. "ಶನಿವಾರ ಮೊದಲನೇ ಪ್ರದರ್ಶನ. ಅವತ್ತು ಒಂದೇ ಅವಕಾಶ. ಜನ ಇರ್ತಾರೆ, ಓಡಾಡೋ ಹಾಗಿಲ್ಲ. ಸಿಗಲಿಲ್ಲ ಅಂದ್ರೆ ಮುಂದಿನ ಪ್ರದರ್ಶನಕ್ಕೆ ನಿಮ್ಮಣ್ಣನ್ನ ಕರೀತೀನಿ. ಅವರ ಹತ್ರ ದೊಡ್ಡ ಕ್ಯಾಮೆರಾ ಇದೆ."

"ಸಿಗುತ್ತೆ ಮೇಡಂ."

ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅವತ್ತಿನಿಂದ ಮಧ್ಯಾಹ್ನಗಳೆಲ್ಲ ಮನೆಯ ಕೋಣೆ ಕತ್ತಲೆಯಾಯಿತು. ಕಿಟಕಿಗೆ ಕಂಬಳಿ, ಮಂಚದ ಪಕ್ಕ ಒಂದು ಚಿಕ್ಕ ಬಲ್ಬು. ಅತ್ತಿಗೆ ಒಗೆದ ಬಟ್ಟೆಯ ರಾಶಿ ಹಾಕಿಕೊಂಡು ಮಡಿಸುತ್ತಿದ್ದಳು. "ನನ್ನ ಕೆಲಸಾನೂ ಆಯ್ತು, ನಿನ್ನ ನಾಟಕಾನೂ ಆಯ್ತು!"

ಅಷ್ಟು ಕತ್ತಲಲ್ಲಿ ಕ್ಯಾಮೆರಾ ತಾನಾಗಿ ಗುರಿ ಹಿಡಿಯಲು ತಡವರಿಸುತ್ತಿತ್ತು. ಪುಟ್ಟಿ ಆ ಕೆಲಸವನ್ನು ಅದರಿಂದ ಕಿತ್ತುಕೊಂಡಳು. ಗಿಡ್ಡ ಲೆನ್ಸಿನ ಸುತ್ತ ಇರುವ ಗುರಿ ಹಿಡಿಸುವ ಬಳೆಯನ್ನು ಎಡಗೈಯ ಎರಡು ಬೆರಳಿನಿಂದ ಕೂದಲೆಳೆಯಷ್ಟೇ ತಿರುಗಿಸಿ, ಕಣ್ಣಿನ ರೆಪ್ಪೆ ಸ್ಪಷ್ಟವಾಗುವವರೆಗೆ ಕಾಯುವುದು. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಅರ್ಧ ಬಿಟ್ಟು, ಆಗ ಒತ್ತುವುದು.

ಮೊದಲ ದಿನ ಎಲ್ಲ ಮಸುಕು. ಎರಡನೆಯ ದಿನವೂ ಮಸುಕು. ಮಣಿಕಟ್ಟು ಹಲ್ಲು ನೋವಿನಂತೆ ಸಿಡಿಯಿತು. ಕ್ಯಾಮೆರಾ ಕೆಳಗಿಟ್ಟು ಬಿಸಿನೀರಿನ ಚೀಲ ಸುತ್ತಿಕೊಂಡು, ಮತ್ತೆ ಎತ್ತಿಕೊಂಡಳು.

ಬಾಗಿಲಲ್ಲಿ ಅಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ನನ್ನ ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಇಟ್ಕೊಡ್ತೀನಿ ಪುಟ್ಟಿ. ಕೈಗೆ ಭಾರ ಇರಲ್ಲ."

"ಸದ್ದು ಮಾಡುತ್ತಣ್ಣ. ಆ ದೃಶ್ಯದಲ್ಲಿ ಜನ ಉಸಿರೂ ಬಿಡಲ್ಲ."

"ಅಷ್ಟು ಹಠ ಯಾಕೆ?"

"ನೀನು ನನ್ನ ಕೈಯಿಂದ ಭಾರ ಇಳಿಸಿದೆ. ಅದು ಪ್ರೀತಿ, ಗೊತ್ತು. ಆದ್ರೆ ಅದರ ಜೊತೆ ನನ್ನ ಕೆಲಸಾನೂ ಇಳಿಸಿಬಿಟ್ಟೆ. ನನಗೆ ಅದು ವಾಪಸ್ ಬೇಕು."

ಅಣ್ಣ ಒಳಗೆ ಬಂದ. ಹೆಂಡತಿಯನ್ನು ಎಬ್ಬಿಸಿ, ಆ ಜಾಗದಲ್ಲಿ ತಾನು ಕೂತ.

"ಸರಿ. ಇವಳು ಬಹಳ ಬೇಗ ಮಡಿಸ್ತಾಳೆ. ನಾನು ಮುದುಕಿ ಥರ ನಿಧಾನಕ್ಕೆ ಮಡಿಸ್ತೀನಿ. ತೆಗಿ."

ಮೀಸೆ ಹೊತ್ತ ಆ ಮುದುಕಿಯನ್ನು ನೋಡಿ ಅತ್ತಿಗೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಪುಟ್ಟಿಯೂ ಕಣ್ಣೊರೆಸಿಕೊಂಡಳು. ಆದರೆ ಅವಳದು ನಗುವಿನ ನೀರಾಗಿರಲಿಲ್ಲ.

ಆ ಸಂಜೆ ತೆಗೆದ ಚಿತ್ರಗಳಲ್ಲಿ ಒಂದರಲ್ಲಿ ಅಣ್ಣನ ರೆಪ್ಪೆ ಎಣಿಸುವಷ್ಟು ಸ್ಪಷ್ಟವಾಗಿತ್ತು!

ಶನಿವಾರ ಸಂಜೆ ರಂಗಮಂದಿರ ತುಂಬಿತ್ತು. ಪುಟ್ಟಿಗೆ ಮುಂದಿನ ಸಾಲಿನ ಅಂಚಿನ ಕುರ್ಚಿ ಸಿಕ್ಕಿತು. ಕ್ಯಾಮೆರಾದ ಹಿಂಬದಿಯ ಪರದೆಯನ್ನು ಮಡಚಿ ಮುಚ್ಚಿದಳು. ಹೊಸ ಬ್ಯಾಟರಿ, ಗಿಡ್ಡ ಲೆನ್ಸು, ಎಲ್ಲ ಮತ್ತೆ ಮತ್ತೆ ಮುಟ್ಟಿ ನೋಡಿದಳು. ಮೇಲಿನ ಕೋಣೆಯ ಕಿಟಕಿಯ ಕಡೆಗೆ ಮಾತ್ರ ನೋಡಲಿಲ್ಲ.

ಅಂದು ಬೆಳಗ್ಗೆ ಬ್ಯಾಟರಿ ತರಲು ಹೋದಾಗ ಅವು ಚಾರ್ಜ್ ಆಗಿ, ಒರೆಸಿ, ಸಾಲಾಗಿ ಮೆಟ್ಟಿಲ ಬಳಿ ಕಾದಿದ್ದವು. ಅವನು ಎದುರು ಬರಲಿಲ್ಲ.

'ಇವತ್ತೂ ಬೆಳಕು ಕೂಡಿಸಿದರೆ? ನನ್ನ ಮೇಲಿನ ಮರುಕಕ್ಕೆ ತನ್ನ ಕೆಲಸವನ್ನೇ ಪಣಕ್ಕಿಟ್ಟರೆ?'



ಕೊನೆಯ ದೃಶ್ಯ ಬಂತು. ಒಂದೊಂದೇ ದೀಪ ಆರಿದವು. ಹಳೆಯ ಬಲ್ಬು ಮಾತ್ರ ಉಳಿಯಿತು.

ಪುಟ್ಟಿ ಕ್ಯಾಮೆರಾ ಕಣ್ಣಿಗೆ ಹಿಡಿದಳು. ಕತ್ತಲು. ಮೊದಮೊದಲ ತಾಲೀಮುಗಳಲ್ಲಿ ಇದ್ದಷ್ಟೇ, ಎಳ್ಳಷ್ಟೂ ಹೆಚ್ಚಿಲ್ಲದ ಬೆಳಕು. ಒಂದು ಎಳೆಯನ್ನೂ ಅವನು ಕೂಡಿಸಿರಲಿಲ್ಲ.



'ನಂಬಿದ್ದಾನೆ... ಈ ಸಲ ನನ್ನನ್ನು ನಂಬಿ ಕತ್ತಲು ಕೊಟ್ಟಿದ್ದಾನೆ!'

ಕಣ್ಣು ಒದ್ದೆಯಾದರೆ ಗುರಿ ತಪ್ಪುತ್ತದೆ. ರೆಪ್ಪೆ ಬಡಿದು ನೀರು ಕೆಡವಿದಳು. ಮೊಣಕೈ ಪಕ್ಕೆಗೆ. ಎರಡು ಬೆರಳು ಬಳೆಯ ಮೇಲೆ. ಮುದುಕಿ ಒಂದು ಫ್ರಾಕು ಮಡಿಸಿದಳು. ಇನ್ನೊಂದು. ಬೆಳಕು ಕುಗ್ಗಿತು. ಮಣಿಕಟ್ಟು ನಡುಗಲು ಶುರುವಾಯಿತು.

'ಈಗಲ್ಲ. ಇನ್ನೂ ಇಲ್ಲ.'

ಬೆಳಕು ಮತ್ತೂ ಕುಗ್ಗಿತು. ಆಗ ಹಿರಿಯ ನಟಿ ತಾಲೀಮಿನಲ್ಲಿ ಎಂದೂ ಮಾಡದ ಒಂದು ಕೆಲಸ ಮಾಡಿದರು. ಮಡಿಸಿದ ಫ್ರಾಕನ್ನು ಬಿಚ್ಚಿ, ಅದರ ತೋಳಿನೊಳಗೆ ತಮ್ಮ ಮುದಿ ಬೆರಳುಗಳನ್ನು ತೂರಿಸಿದರು... ಒಳಗೆ ಪುಟ್ಟ ಕೈಯೊಂದು ಸಿಗಬಹುದು ಎಂಬಂತೆ.

ಪುಟ್ಟಿ ಅರ್ಧ ಉಸಿರು ಬಿಟ್ಟು ಒತ್ತಿದಳು.

ಪಕ್ಕದಲ್ಲಿ ಕೂತಿದ್ದ ಹೆಂಗಸಿಗೂ ಗೊತ್ತಾಗಲಿಲ್ಲ.

ಬಲ್ಬು ಆರಿತು.

ಮರುದಿನ ಬೆಳಗ್ಗೆ ನಿರ್ದೇಶಕಿ ಆ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಸ್ವಲ್ಪ ಮರಳು ಮರಳಾಗಿದೆಯಲ್ಲ?"

"ಅಷ್ಟು ಕತ್ತಲಲ್ಲಿ ಹಾಗೇ ಬರೋದು ಮೇಡಂ. ಅದನ್ನ ನಯ ಮಾಡೋಕೆ ಹೋಗಲ್ಲ."

"ಮಾಡ್ಬೇಡ." ಅವರ ದನಿ ಮೊದಲ ಬಾರಿ ಮೆತ್ತಗಾಗಿತ್ತು. "ಬಟ್ಟೆಬರೆ ಕಟ್ಕೋ. ಮುಂದಿನ ವಾರ ಹೊರಡ್ತೀವಿ. ಹೊಸ ದೀಪದವನೂ ಆಗ ಬಂದು ಸೇರ್ಕೋತಾನೆ."

"ಹೊಸ... ದೀಪದವನಾ?"

"ಸ್ವಿಚ್ಚಣ್ಣ ಬರಲ್ವಂತೆ. ಬೇರೆ ರಂಗಮಂದಿರದಲ್ಲಿ ಕೆಲಸ ಇದೆ, ಅಲ್ಲಿಗೆ ಹೋಗ್ತೀನಿ ಅಂದ. ಯಾಕೆ, ನಿನಗೆ ಹೇಳಿಲ್ವಾ?"

ಪುಟ್ಟಿ ಉತ್ತರ ಕೊಡಲು ಅಲ್ಲಿರಲಿಲ್ಲ.

ವೇದಿಕೆಯ ಮೇಲೆ ಅವನೊಬ್ಬನೇ. ಏಣಿಯ ಮೇಲೆ ನಿಂತು ದೀಪಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ.

"ಕೆಳಗೆ ಇಳೀರಿ."

"ಈ ಬೋಲ್ಟು ಒಂದು..."

"ಬೋಲ್ಟು ಇರಲಿ. ಕತ್ತೆತ್ತಿಕೊಂಡು ಆಡೋ ಮಾತಲ್ಲ ಇದು. ಇಳೀರಿ!"

ಅವನು ಇಳಿದ. ಕೈಗವಸು ತೆಗೆದು, ಎಲ್ಲಿಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತ.

"ಯಾಕೆ ಹೋಗ್ತಿದೀರ?"

"ನಾನಿದ್ರೆ ನಿಮಗೆ ಕಷ್ಟ. ನನ್ನ ಮುಖ ನೋಡಿದಾಗೆಲ್ಲ ಆ ಮರುಕದ ಮಾತೇ ನೆನಪಾಗುತ್ತೆ. ಮೇಡಂ ಹತ್ರ ಹೇಳೋವಷ್ಟು ಬೇಜಾರಾಗಿತ್ತಲ್ಲ..."

"ನಿಮ್ಮ ಹೆಸರು ಹೇಳಿಲ್ಲ ನಾನು! ಚಿತ್ರ ಸುಳ್ಳು ಅಂದೆ, ಅಷ್ಟೇ. ಬೇಕಾದ್ರೆ ಹೋಗಿ ಕೇಳಿ."

ಅವನು ಅವಳನ್ನು ನೋಡಿದ. ನಂಬಿದ. ಕೇಳಲು ಹೋಗಲಿಲ್ಲ.

"ನಿನ್ನೆ ಬೆಳಕು ಯಾಕೆ ಕೂಡಿಸ್ಲಿಲ್ಲ?"

"ಕೂಡಿಸಿದ್ರೆ ಆ ಚಿತ್ರ ಮತ್ತೆ ನಂದಾಗ್ತಿತ್ತು. ನಿಮ್ಮದಾಗ್ತಿರಲಿಲ್ಲ." ಅವನು ತಡೆದು ಹೇಳಿದ. "ಆದ್ರೆ ಬೆರಳು ಸ್ವಿಚ್ಚಿನ ಹತ್ರಾನೇ ಹೋಗ್ತಿತ್ತು. ನನ್ನ ಬಲ್ಬೇ ನನಗೆ ಇಷ್ಟು ಕತ್ತಲು ಅಂತ ಯಾವತ್ತೂ ಅನ್ನಿಸಿರಲಿಲ್ಲ."

"ಮೊದಲು ಕೂಡಿಸಿದ್ದು ಮರುಕ ಅಲ್ಲ ಅಂದ್ರಿ. ಮತ್ತೇನು? ಅವತ್ತು ನಾನು ಕೇಳಲಿಲ್ಲ. ಈಗ ಕೇಳ್ತಿದೀನಿ."

ಅವನು ಕೈಗವಸನ್ನು ಹಿಂಡಿ ಹಿಪ್ಪೆ ಮಾಡುತ್ತಿದ್ದ.

"ಸ್ವಾರ್ಥ."

"ಏನು?"

"ಚಿತ್ರ ಬರ್ಲಿಲ್ಲ ಅಂದ್ರೆ ನೀವು ನಾಳೆಯಿಂದ ಬರಲ್ಲ. ಬ್ಯಾಟರಿ ಮರೆತು ವಾಪಸ್ ಮೇಲೆ ಬರಲ್ಲ. ಅದು ನನಗೆ... ತಡ್ಕೊಳ್ಳೋಕೆ ಆಗ್ತಿರಲಿಲ್ಲ. ನಿಮ್ಮ ಕೈ ನೋಡಿ ಮಾಡಿದ್ದಲ್ಲ. ಹಾಗಂತ ಬಾಯಿಗೆ ಬಂದಿದ್ದು, ನಿಜ ಹೇಳೋಕೆ ಧೈರ್ಯ ಇಲ್ಲದೆ."

ಪುಟ್ಟಿಗೆ ನಗು ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ!

"ಹಾಗಾದ್ರೆ ತಪ್ಪು ಇನ್ನೂ ದೊಡ್ಡದು."

"ಗೊತ್ತು."

"ಶಿಕ್ಷೆ ಇದೆ."

"ಹೇಳಿ."

ಅವಳು ಒಂದು ಹೆಜ್ಜೆ ಮುಂದೆ ಬಂದಳು. ಇಷ್ಟು ದಿನ ಕತ್ತಲಲ್ಲಿ ಉಸಿರು ಹಿಡಿದು ಕಲಿತದ್ದೆಲ್ಲ ಮರೆತು, ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಆ ಕೆಲಸ ಬಿಟ್ಟು ನನ್ನ ಜೊತೆ ಬನ್ನಿ. ಈ ವರ್ಷ ಅಷ್ಟೇ ಅಲ್ಲ. ನನಗೆ ನೀವು ಬೇಕು. ನನ್ನನ್ನ ಮದುವೆ ಆಗ್ತೀರಾ?"

ಅವನ ಕೈಗವಸು ಕೆಳಗೆ ಬಿತ್ತು.

"ಇದು... ನಾನು ಕೇಳಬೇಕಾದ್ದು."

"ನೀವು ಕೇಳೋ ಹೊತ್ತಿಗೆ ನನ್ನ ಕೂದಲು ಮೇಡಂ ಥರ ಬೆಳ್ಳಗಾಗಿರುತ್ತೆ! ಆಗ್ತೀರೋ ಇಲ್ವೋ?"

"ಆಗ್ತೀನಿ," ಎಂದ ಅವನು. ಮತ್ತೆ, ಅವಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ, "ಆಗ್ತೀನಿ!" ಎಂದ.

ಅವಳು ತನ್ನ ಬಲಗೈ ಚಾಚಿದಳು. ಇಷ್ಟು ದಿನ ಯಾರಿಗೂ ಮುಟ್ಟಲು ಕೊಡದೆ ಕಾಪಾಡಿಕೊಂಡಿದ್ದ ಕೈ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದ.

ಹೊರಗೆ ತಂಡದ ಲಾರಿ ಹಾರ್ನ್ ಹೊಡೆಯಿತು. ಸಾಮಾನು ತುಂಬಲು ಜನ ಕಾಯುತ್ತಿದ್ದರು.

ಅವನು ಏಣಿ ಹತ್ತಿ ಉಳಿದ ಬೋಲ್ಟು ಬಿಚ್ಚಿ, ದೊಡ್ಡ ದೀಪವನ್ನು ಎದೆಗೊತ್ತಿಕೊಂಡು ಕೆಳಗೆ ನೋಡಿದ.

"ಇದು ಭಾರ ಇದೆ. ಹಿಡ್ಕೋತೀಯಾ, ಬೇಡ್ವಾ? ನೀನೇ ಹೇಳು."

'ಕೇಳಿದ... ತಾನೇ ನಿರ್ಧರಿಸದೆ, ನನ್ನನ್ನೇ ಕೇಳಿದ!'

"ಬೇಡ," ಎಂದಳು ಪುಟ್ಟಿ, ಮುಖದ ತುಂಬ ನಗುತ್ತಾ. "ಅದನ್ನ ನೀನೇ ಇಳಿಸು. ಏಣಿ ನಾನು ಹಿಡ್ಕೋತೀನಿ."